ಬಾಲ್ ಬಿಟ್ಟು ಆಟಗಾರನ್ನ ನೋಡೋಕೆ ಕಲ್ತಿದ್ದು: ವಾರಿಯರ್ಸ್ 2022, ನನ್ನ ಅನುಭವ

2022ರ ಜನವರಿ 9ಕ್ಕೆ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಟೀಮು ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕ್ಲೇ ಥಾಂಪ್ಸನ್ ಗಾಯದಿಂದ 941 ದಿನ ಹೊರಗಿದ್ದು ವಾಪಸ್ ಆಡೋಕೆ ಇಳಿದ. ಮಾರನೇ ದಿನ ಆಫೀಸ್‌ನಲ್ಲಿ ಒಬ್ಬ ಸ್ನೇಹಿತ "ಹೇಗೆ ಆಡ್ದ?" ಅಂತ ಕೇಳಿದ್ರೆ ನಾನು "17 ಪಾಯಿಂಟ್, ಒಂದು ಒಳ್ಳೇ ಡಂಕ್" ಅಂದೆ, ಡಂಕ್ ಅಂದ್ರೆ ಎಗರಿ ಬಾಲನ್ನ ಬುಟ್ಟಿಗೆ ಮೇಲಿಂದ ತುರುಕೋದು. ಅವನು "ಅದು ನಂಗೂ ಗೊತ್ತು, ಕಾಲು ಹೇಗೆ ಇಡ್ತಿದ್ದ, ಎದುರಿನವನು ಪಕ್ಕಕ್ಕೆ ತಿರುಗಿದಾಗ ಜೊತೆಗೆ ಹೋಗೋಕೆ ಆಗ್ತಿತ್ತಾ?" ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ. ಏಳು ವರ್ಷದಿಂದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ನೋಡ್ತಿದ್ದೀನಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮನೆ, ಟೀಮು ಅಂದ್ರೆ ಪ್ರಾಣ, ಆದ್ರೆ ಇಷ್ಟು ವರ್ಷ ನಾನು ನೋಡಿದ್ದು ಬಾಲನ್ನ ಮಾತ್ರ ಅಂತ ಅವತ್ತು ಗೊತ್ತಾಯ್ತು. ಬಾಲ್ ಯಾರ ಕೈಲಿದೆಯೋ ಅವನು ಆಡ್ತಿದ್ದಾನೆ, ಉಳಿದ ಒಂಬತ್ತು ಜನ ಸುಮ್ನೆ ಇದ್ದಾರೆ, ಹಂಗೆ ನೋಡ್ತಿದ್ದೆ.

ಅವತ್ತು ರಾತ್ರಿನೇ ಒಂದು ನೋಟ್‌ಬುಕ್ ತಗೊಂಡು ಆಟಗಾರನಿಗೆ ಎರಡೆರಡು ಪುಟ ಬಿಟ್ಟು ಹೆಸರು ಬರ್ದೆ. ನಿಯಮ ಒಂದೇ. ಒಂದು ಕ್ವಾರ್ಟರ್‌ಗೆ, ಅಂದ್ರೆ ಆಟದ 12 ನಿಮಿಷಕ್ಕೆ, ಒಬ್ಬನೇ ಆಟಗಾರ. ಬಾಲ್ ಎಲ್ಲಿ ಬೇಕಾದ್ರೂ ಹೋಗ್ಲಿ, ಕಣ್ಣು ಅವನ ಮೇಲೆ. ಮೊದಲ ವಾರ ತುಂಬಾ ಕಷ್ಟ ಆಯ್ತು, ಜನ ಕೂಗಿದ ತಕ್ಷಣ ಕಣ್ಣು ತಾನಾಗೇ ಬಾಲ್ ಕಡೆ ಓಡುತ್ತೆ. ಆಮೇಲೆ ಒಂದು ದಾರಿ ಕಂಡ್ಕೊಂಡೆ, ಲೈವ್ ಮ್ಯಾಚ್ ಖುಷಿಗೆ ನೋಡೋದು, ಮಾರನೇ ದಿನ ಅದೇ ಮ್ಯಾಚಿನ ರೆಕಾರ್ಡಿಂಗನ್ನ ಸೌಂಡ್ ಆಫ್ ಮಾಡಿ ನೋಟ್‌ಬುಕ್ ಇಟ್ಕೊಂಡು ನೋಡೋದು. ಪಾಯಿಂಟ್ಸ್ ಬರೀತಿರ್ಲಿಲ್ಲ, ಅದು ಎಲ್ಲಾ ಕಡೆ ಸಿಗುತ್ತೆ. ಶಾಟ್ ಹೊಡೆದಾಗ ಇವನು ಯಾರನ್ನ ತಡೆದು ನಿಂತ, ತಮ್ಮ ಕಡೆ ಬಾಲ್ ಹೋದ್ರೆ ವಾಪಸ್ ಓಡಿದ್ನಾ ನಡ್ಕೊಂಡು ಬಂದ್ನಾ, ಜೊತೆಗಾರ ತಪ್ಪಿಸ್ಕೊಂಡಾಗ ಸಹಾಯಕ್ಕೆ ಎಷ್ಟು ಬೇಗ ಹೋದ, ಇಂಥದ್ದನ್ನ ಗೀಟು ಹಾಕ್ತಾ ಹೋದೆ.

ಫೆಬ್ರವರಿಯಲ್ಲಿ ಒಂದ್ಸಲ ವಾರಿಯರ್ಸ್ ಆಡೋ ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ಗೆ ಹೋದೆ, ಎಲ್ಲಕ್ಕಿಂತ ಮೇಲಿನ ಸೀಟು. ಮುಖ ಕಾಣಲ್ಲ ಅಂತ ಬೇಜಾರಿತ್ತು, ಆದ್ರೆ ಕೂತ ಐದೇ ನಿಮಿಷಕ್ಕೆ ಹತ್ತೂ ಜನ ಒಟ್ಟಿಗೆ ಕಂಡ್ರು. ಟೀವಿ ಕ್ಯಾಮೆರಾ ಬಾಲ್ ಹಿಂದೇನೇ ಹೋಗೋದ್ರಿಂದ ನಮ್ಗೆ ಅರ್ಧ ಆಟ ಕಾಣೋದೇ ಇಲ್ಲ. ಯಾರಿಗಾದ್ರೂ ಆಟಗಾರರನ್ನ ಅಳೆಯೋದು ಕಲೀಬೇಕು ಅನ್ಸಿದ್ರೆ ದಯವಿಟ್ಟು ಒಂದ್ಸಲ ಮೇಲಿನ ಅಗ್ಗದ ಸೀಟಲ್ಲಿ ಕೂತು ನೋಡಿ. ಅವತ್ತು ಡ್ರೇಮಂಡ್ ಗ್ರೀನ್ ಆಡ್ತಿರ್ಲಿಲ್ಲ, ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಗಾಯ ಮಾಡ್ಕೊಂಡು ಕೂತಿದ್ದ. ಅವನು ಇಲ್ಲದಿದ್ದಾಗ ಏನು ಇಲ್ಲ ಅನ್ನೋದು ಮೇಲಿಂದ ಚೆನ್ನಾಗಿ ಕಾಣ್ತಿತ್ತು. ಯಾರೂ ಕೈ ತೋರಿಸ್ತಿರ್ಲಿಲ್ಲ. ಅವನಿದ್ರೆ ಎದುರಾಳಿ ಆಟ ಶುರು ಮಾಡೋಕೆ ಮುಂಚೆನೇ "ನೀನು ಅಲ್ಲಿ, ನೀನು ಇಲ್ಲಿ" ಅಂತ ಬೆರಳು ತೋರಿಸ್ತಾನೇ ಇರ್ತಾನೆ. ಅವತ್ತು ಇಬ್ಬಿಬ್ರು ಒಬ್ಬನ ಹಿಂದೆ ಹೋಗಿ ಇನ್ನೊಬ್ಬ ಖಾಲಿ ನಿಂತಿರೋದು ಎಷ್ಟು ಸಲ ಆಯ್ತೋ.

ಆ ಸೀಸನ್ನಿನ ರೆಗ್ಯುಲರ್ ಮ್ಯಾಚ್‌ಗಳಲ್ಲಿ ಟೀಮಿನ ಮುಖ್ಯ ಆಟಗಾರರಾದ ಸ್ಟೆಫ್ ಕರಿ, ಕ್ಲೇ, ಡ್ರೇಮಂಡ್ ಮೂರೂ ಜನ ಒಟ್ಟಿಗೆ ಕೋರ್ಟಲ್ಲಿ ಇದ್ದಿದ್ದು ಬರೀ 11 ನಿಮಿಷ. ಒಬ್ಬ ಬಂದ್ರೆ ಇನ್ನೊಬ್ಬನಿಗೆ ಗಾಯ. ಆದ್ರೂ 53 ಗೆದ್ದು 29 ಸೋತು ಲೀಗಿನ ಪಶ್ಚಿಮ ವಿಭಾಗದಲ್ಲಿ ಮೂರನೇ ಸ್ಥಾನ. ಹಂಗಾದ್ರೆ ಟೀಮನ್ನ ಹಿಡ್ಕೊಂಡಿದ್ದು ಯಾರು ಅನ್ನೋ ಪ್ರಶ್ನೆಗೆ ನನ್ಗೆ ಉತ್ತರ ತೋರಿಸಿದ್ದು ನಮ್ಮ ಅಪ್ಪಾಜಿ.

ಅಪ್ಪಾಜಿ ಅಮ್ಮ ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಬಂದ್ರು, ಪ್ಲೇಆಫ್ಸ್ ಶುರುವಾಗೋ ಹೊತ್ತಿಗೆ ಸರಿಯಾಗಿ. ಪ್ಲೇಆಫ್ಸ್ ಅಂದ್ರೆ ಕಪ್ಪಿಗಾಗಿ ಆಡೋ ಸೀರೀಸ್‌ಗಳು, ಒಂದೊಂದು ಸೀರೀಸ್‌ನಲ್ಲೂ ಒಂದೇ ಎದುರಾಳಿ, ಮೊದ್ಲು ನಾಲ್ಕು ಮ್ಯಾಚ್ ಗೆದ್ದೋರು ಮುಂದಕ್ಕೆ. ಅಪ್ಪಾಜಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ, ಆದ್ರೆ ಹುಡುಗರಿದ್ದಾಗ ಹದಿನೈದು ವರ್ಷ ಕಬಡ್ಡಿ ಆಡಿದವರು, ಕವರ್‌ನಲ್ಲಿ ನಿಲ್ತಿದ್ರು. ಅಮ್ಮ ಖಾರ ಮಂಡಕ್ಕಿ ಕಲಸಿ ಕೊಡೋರು, ನಾವಿಬ್ರು ಸಂಜೆ ಟೀವಿ ಮುಂದೆ. ಮೂರನೇ ಮ್ಯಾಚೋ ಏನೋ, ನಾನು ಕರಿ ಹೊಡೆದ ತ್ರೀ, ಅಂದ್ರೆ ದೂರದಿಂದ ಹೊಡೆಯೋ ಮೂರು ಪಾಯಿಂಟಿನ ಶಾಟ್, ನೋಡಿ ಎದ್ದು ನಿಂತಿದ್ದೆ, ಅಪ್ಪಾಜಿ ಕೂತಲ್ಲಿಂದ್ಲೇ ಅಂದ್ರು, "ಲೇ, ಆ ಐದನೇ ನಂಬರ್ ಹುಡುಗನ್ನ ನೋಡಲೇ. ಬಾಲ್ ಮುಟ್ಟಂಗೇ ಇಲ್ಲ, ಆದ್ರೆ ಅವನು ಅಡ್ಡ ನಿಲ್ಲಲಿಲ್ಲ ಅಂದ್ರೆ ಈ ಮೂವತ್ತನೇ ನಂಬರಿಗೆ ಜಾಗ ಎಲ್ಲಿಂದ ಬರ್ಬೇಕು?"

ಐದನೇ ನಂಬರ್ ಅಂದ್ರೆ ಕೆವಾನ್ ಲೂನಿ. ನನ್ನ ನೋಟ್‌ಬುಕ್‌ನಲ್ಲಿ ಅವನ ಪುಟ ಹತ್ತಿರತ್ತಿರ ಖಾಲಿ ಇತ್ತು, ಮೂರು ತಿಂಗಳಲ್ಲಿ ಅವನಿಗೆ ಒಂದು ಪೂರ್ತಿ ಕ್ವಾರ್ಟರ್ ಕೊಟ್ಟಿರ್ಲಿಲ್ಲ. ಅವತ್ತೇ ರಾತ್ರಿ ರೆಕಾರ್ಡಿಂಗ್ ಹಾಕಿ ಕೂತೆ. ಅವನು ಸ್ಕ್ರೀನ್ ಹಾಕೋದು, ಅಂದ್ರೆ ಕರಿಯನ್ನ ಅಟ್ಟಿಸ್ಕೊಂಡು ಬರೋನಿಗೆ ಗೋಡೆ ಥರ ಅಡ್ಡ ನಿಲ್ಲೋದು, ಅದನ್ನೇ ಹಿಂದೆ ಮುಂದೆ ಮಾಡಿ ನೋಡಿದೆ. ಎರಡೂ ಪಾದ ಅಗಲಿಸಿ ನೆಲಕ್ಕೆ ಊರಿ, ಕೈ ಎರಡೂ ಹೊಟ್ಟೆ ಮುಂದೆ ಕಟ್ಟಿ, ಗಾರ್ಡ್ ಬಂದು ಎದೆಗೆ ಗುದ್ದೋವರೆಗೆ ಒಂದಿಂಚು ಅಲ್ಲಾಡಲ್ಲ. ಗುದ್ದಿದ ಮೇಲೆ ಕರಿ ದಾಟಿ ಹೋಗ್ತಾನೆ, ಕ್ಯಾಮೆರಾನೂ ಹೋಗುತ್ತೆ. ಕರಿಗೆ ಶಾಟ್ ಸಿಗ್ಲಿಲ್ಲ ಅಂದ್ರೆ ಲೂನಿ ಅಷ್ಟರಲ್ಲಿ ತಿರುಗಿ ಇನ್ನೊಂದು ಕೋನದಲ್ಲಿ ಮತ್ತೆ ಗೋಡೆ ಕಟ್ಟಿರ್ತಾನೆ. ಒಂದೇ ಆಟದಲ್ಲಿ ಎರಡು ಸಲ, ಕೆಲವು ಸಲ ಮೂರು.

ಮೇ 13, ಶುಕ್ರವಾರ, ಮೆಂಫಿಸ್ ವಿರುದ್ಧ ಆರನೇ ಮ್ಯಾಚ್. ಅದರ ಹಿಂದಿನ ಮ್ಯಾಚಲ್ಲಿ ನಾವು 134-95ರಲ್ಲಿ ಸೋತಿದ್ವಿ, ಅವರ ಸ್ಟೀವನ್ ಆಡಮ್ಸ್ ಅನ್ನೋ ದೈತ್ಯ ರಿಬೌಂಡ್, ಅಂದ್ರೆ ತಪ್ಪಿದ ಶಾಟಿನ ಬಾಲ್, ಎಲ್ಲಾ ಬಾಚ್ಕೊಂಡು ಹೋಗ್ತಿದ್ದ. ಆರನೇ ಮ್ಯಾಚಿಗೆ ಲೂನಿಯನ್ನ ಶುರುವಿನಿಂದಲೇ ಇಳಿಸಿದ್ರು. ಆ ಮ್ಯಾಚಲ್ಲಿ ಅವನ್ದು 22 ರಿಬೌಂಡ್, ಅದ್ರಲ್ಲಿ 11 ಎದುರಾಳಿ ಬುಟ್ಟಿ ಕೆಳಗೆ, ಅಂದ್ರೆ 11 ಸಲ ನಮ್ಮ ತಪ್ಪಿದ ಶಾಟಿಗೆ ಇನ್ನೊಂದು ಅವಕಾಶ. ಗೆದ್ವಿ, 110-96. ಅವನು ಮಾಡೋದನ್ನ ಹತ್ತಿರದಿಂದ ನೋಡಿದ್ರೆ ಗೊತ್ತಾಗುತ್ತೆ, ಶಾಟ್ ಮೇಲೆ ಹೋದಾಗ ಎಲ್ಲರ ಕಣ್ಣು ಮೇಲೆ, ಇವನು ಮೇಲೆ ನೋಡೋದೇ ಇಲ್ಲ. ಮೊದ್ಲು ಆಡಮ್ಸ್ ಎಲ್ಲಿ ಅಂತ ಬೆನ್ನಲ್ಲೇ ಹುಡುಕ್ತಾನೆ, ಮಂಡಿ ಬಗ್ಗಿಸಿ ಅವನ ತೊಡೆ ಮೇಲೆ ಕೂತಂಗೆ ಕೂತು ಹಿಂದಕ್ಕೆ ತಳ್ತಾನೆ, ಆಮೇಲೆ ಕೈ ಎತ್ತೋದು. ಎಗರೋದ್ರಲ್ಲಿ ಇವನು ಆ ಟೀಮಲ್ಲೇ ಮೊದಲಿಗನಲ್ಲ, ಎರಡೂ ಸೊಂಟಕ್ಕೆ ಆಪರೇಷನ್ ಆದವನು. ಜಾಗ ಮೊದ್ಲು ಹಿಡೀತಾನೆ, ಅಷ್ಟೇ. ಅಪ್ಪಾಜಿ "ನಮ್ಮ ಕಾರ್ನರ್‌ನೋನು ರೈಡರ್ ಕಾಲು ನೋಡ್ತಿದ್ದ, ಮುಖ ಅಲ್ಲ" ಅಂದ್ರು. ಆ ಸೀಸನ್ 82 ರೆಗ್ಯುಲರ್ ಮ್ಯಾಚ್, 22 ಪ್ಲೇಆಫ್ ಮ್ಯಾಚ್, ಒಂದೂ ತಪ್ಪಿಸಿಲ್ಲ ಲೂನಿ. 2015ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಕಟ್ಟಕಡೆಯ, 30ನೇ ಆಯ್ಕೆ, ಡ್ರಾಫ್ಟ್ ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು. ನನ್ನ ಲೆಕ್ಕದಲ್ಲಿ ಆ ವರ್ಷ ನಾವು ಗೆದ್ದ ಕಪ್ಪಿಗೆ ಕರಿ ಬಿಟ್ರೆ ಇವನೇ ಕಾರಣ, ಇದನ್ನ ಯಾರ ಮುಂದೆ ಬೇಕಾದ್ರೂ ವಾದ ಮಾಡ್ತೀನಿ.

ನಾನು ಪೂರ್ತಿ ತಪ್ಪು ತಿಳ್ಕೊಂಡಿದ್ದು ಆಂಡ್ರೂ ವಿಗ್ಗಿನ್ಸ್ ವಿಷಯದಲ್ಲಿ. 2014ರ ಡ್ರಾಫ್ಟಿನ ಮೊದಲ ಆಯ್ಕೆ, ಮಿನೆಸೋಟಾದಲ್ಲಿ ವರ್ಷಗಟ್ಟಲೆ ಪಾಯಿಂಟ್ ಹೊಡೆದ ಆದ್ರೆ ಟೀಮು ಸೋಲ್ತಾ ಇತ್ತು, 2020ರ ಫೆಬ್ರವರಿಯಲ್ಲಿ ನಮ್ಗೆ ಬಂದ. ಮುಖದ ಮೇಲೆ ಒಂದು ಭಾವನೆನೂ ಕಾಣಲ್ಲ, ಅದಕ್ಕೆ ಇವನಿಗೆ ಆಸಕ್ತಿ ಇಲ್ಲ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೆ. ನೋಟ್‌ಬುಕ್‌ನಲ್ಲೂ ಫೆಬ್ರವರಿ ಪುಟದಲ್ಲಿ ಮೂರು ಕಡೆ "ಸುಮ್ನೆ ಮೂಲೇಲಿ ನಿಂತಿದ್ದಾನೆ" ಅಂತ ಬರ್ದಿದ್ದೀನಿ. ಡಲ್ಲಾಸ್ ಸೀರೀಸ್‌ನಲ್ಲಿ ಅವನಿಗೆ ನಾಲ್ಕು ಕ್ವಾರ್ಟರ್ ಕೊಟ್ಟು ನೋಡಿದ್ಮೇಲೆ ಆ ಸಾಲುಗಳನ್ನ ಹೊಡೆದು ಹಾಕಿದೆ. ಮೂಲೇಲಿ ನಿಲ್ಲೋದು ಅವನ ಕೆಲ್ಸ, ಅವನು ಅಲ್ಲಿಂದ ಒಳಗೆ ಬಂದ್ರೆ ಅವನನ್ನ ಕಾಯೋನೂ ಒಳಗೆ ಬರ್ತಾನೆ, ಕರಿಗೆ ದಾರಿ ಮುಚ್ಚುತ್ತೆ. ಇನ್ನು ಡಿಫೆನ್ಸ್‌ನಲ್ಲಿ ಡಲ್ಲಾಸ್ ಸ್ಟಾರ್ ಲೂಕಾ ಡಾಂಚಿಚ್‌ನನ್ನ ಆ ಕಡೆ ಬುಟ್ಟಿಯಿಂದಲೇ, ಪೂರ್ತಿ ಕೋರ್ಟ್ ಉದ್ದಕ್ಕೂ ಹಿಡ್ಕೊಂಡು ಬರ್ತಿದ್ದ, ಪ್ರತಿ ಸಲ. ಡಾಂಚಿಚ್ ಪಾಯಿಂಟ್ ಹೊಡೀತಿದ್ದ, ಆದ್ರೆ ಮ್ಯಾಚಿನ ಕೊನೆಗೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಿದ್ದ, ವಿಗ್ಗಿನ್ಸ್ ಮುಖದಲ್ಲಿ ಆಗ್ಲೂ ಏನೂ ಇಲ್ಲ. ಮುಖ ನೋಡಿ ಅಳೆಯೋದು ಎಷ್ಟು ತಪ್ಪು ಅಂತ ಅವನಿಂದ ಕಲ್ತೆ. ಮೂರನೇ ಮ್ಯಾಚಲ್ಲಿ ವಿಗ್ಗಿನ್ಸ್ ಡಾಂಚಿಚ್ ತಲೆ ಮೇಲಿಂದ ಹೊಡೆದ ಡಂಕ್ ಎಲ್ಲರಿಗೂ ನೆನಪಿದೆ, ನಂಗೆ ನೆನಪಿರೋದು ಆ ಓಟ.

ಫೈನಲ್ಸ್ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ. ನಾಲ್ಕನೇ ಮ್ಯಾಚ್ ಬಾಸ್ಟನ್‌ನಲ್ಲಿ, ನಾವು 1-2 ಹಿಂದೆ, ಕರಿ 43 ಪಾಯಿಂಟ್, 10 ರಿಬೌಂಡ್. ಅದನ್ನ ಅಳೆಯೋಕೆ ನೋಟ್‌ಬುಕ್ ಬೇಡ, ಕಣ್ಣಿದ್ರೆ ಸಾಕು. ನಾನು ಕರಿ ಬಗ್ಗೆ ನಿಜವಾಗಿ ತಿಳ್ಕೊಂಡಿದ್ದು ಐದನೇ ಮ್ಯಾಚಲ್ಲಿ, ಜೂನ್ 13. ಒಂಬತ್ತು ತ್ರೀ ಹೊಡೆದ, ಒಂಬತ್ತೂ ಮಿಸ್. ಸತತ 233 ಮ್ಯಾಚ್‌ಗಳಲ್ಲಿ ಕಡಿಮೆ ಅಂದ್ರೂ ಒಂದು ತ್ರೀ ಹಾಕಿದ್ದ ಮನುಷ್ಯ, ಅವತ್ತು ಒಂದೂ ಇಲ್ಲ. ಆ ಮ್ಯಾಚಿನ ರೆಕಾರ್ಡಿಂಗ್‌ನ ನಾನು ಬೇಕಂತಲೇ ಅವನಿಗೇ ಇಟ್ಟೆ. ಬಾಲ್ ಬಿಟ್ಟುಕೊಟ್ಟ ಮೇಲೂ ಅವನು ನಿಲ್ಲಲ್ಲ, ಬುಟ್ಟಿ ಕೆಳಗೆ ಓಡಿ, ಲೂನಿ ಬೆನ್ನು ಸುತ್ತಿ, ಇನ್ನೊಂದು ಮೂಲೆಗೆ, ಅಲ್ಲಿಂದ ಮತ್ತೆ ಮೇಲಕ್ಕೆ. ಹಿಂದೆ ಒಬ್ಬ ಓಡ್ತಾನೆ, ದಾರೀಲಿ ಇನ್ನೊಬ್ಬ ಒಂದು ಹೆಜ್ಜೆ ಇವನ ಕಡೆ ಹಾಕ್ತಾನೆ, ಆ ಒಂದು ಹೆಜ್ಜೆಗೆ ಅವನು ಬಿಟ್ಟು ಬಂದ ಜಾಗಕ್ಕೆ ನಮ್ಮವರು ಯಾರಾದ್ರೂ ನುಗ್ತಾರೆ. ಹಂಗೆ ಇಬ್ಬಿಬ್ರು ಇವನ ಕಡೆ ಹೋದಾಗೆಲ್ಲಾ ಗೀಟು ಹಾಕಿದೆ, ಪುಟ ತುಂಬಿ ಹಿಂದಿನ ಪುಟಕ್ಕೆ ಹೋಯ್ತು. ಶಾಟ್ ಬೀಳ್ತಿಲ್ಲ ಅಂತ ಬಾಸ್ಟನ್‌ನವರು ಒಂದ್ಸಲನೂ ಅವನನ್ನ ಬಿಟ್ಟು ನಿಲ್ಲಲಿಲ್ಲ, ಧೈರ್ಯ ಇರ್ಲಿಲ್ಲ ಅವರಿಗೆ. ಆ ಜಾಗದಲ್ಲಿ ವಿಗ್ಗಿನ್ಸ್ 26 ಪಾಯಿಂಟ್, 13 ರಿಬೌಂಡ್. ಗೆದ್ವಿ, 104-94. ಅಪ್ಪಾಜಿ ಇದನ್ನ ಲೈವ್‌ನಲ್ಲೇ ಹೇಳಿದ್ರು, "ಒಳ್ಳೇ ರೈಡರ್ ಖಾಲಿ ಕೈಲಿ ವಾಪಸ್ ಬಂದ್ರೂ ಎದುರಿನ ಕವರ್ ಒಡೆದೇ ಬಂದಿರ್ತಾನೆ."

ಡ್ರೇಮಂಡ್ ವಿಷಯದಲ್ಲಿ ಅಪ್ಪಾಜಿಗೂ ನಂಗೂ ಜಗಳ. ನಾಲ್ಕನೇ ಮ್ಯಾಚಿನ ಕೊನೆ ಕ್ವಾರ್ಟರ್‌ನಲ್ಲಿ ಕೋಚ್ ಸ್ಟೀವ್ ಕರ್ ಅವನನ್ನ ಹೊರಗೆ ಕೂರಿಸಿದ್ರು, ನನ್ನ ಪ್ರಕಾರ ಅದು ಸರಿ, ಅವತ್ತು ಅವನು ಬುಟ್ಟಿ ಹತ್ರ ಇದ್ರೂ ಶಾಟ್ ಹೊಡೆಯೋಕೆ ಹಿಂಜರೀತಿದ್ದ, ಅದ್ರಿಂದ ಅವನನ್ನ ಕಾಯ್ಬೇಕಾದೋನು ಆರಾಮಾಗಿ ಕರಿ ಕಡೆ ಹೋಗ್ತಿದ್ದ. ಅಪ್ಪಾಜಿ ಒಪ್ಪಲೇ ಇಲ್ಲ, "ಕೂಗೋನು ಒಬ್ಬ ಒಳಗಿರ್ಬೇಕು" ಅಂತ. ಡಿಫೆನ್ಸ್‌ನಲ್ಲಿ ಅವನ ತಲೆ ಓಡೋದು ನೋಡಿದ್ರೆ ಅವರ ಮಾತೂ ಸುಳ್ಳಲ್ಲ. ಆರನೇ ಮ್ಯಾಚಲ್ಲಿ 12 ಪಾಯಿಂಟ್, 12 ರಿಬೌಂಡ್, 8 ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯೋ ಹಾಗೆ ಕೊಟ್ಟ ಪಾಸ್) ಮಾಡಿ ನನ್ನ ಬಾಯಿ ಮುಚ್ಚಿಸಿದ, ಆದ್ರೆ ನಾಲ್ಕನೇ ಮ್ಯಾಚಿನ ನನ್ನ ಅಭಿಪ್ರಾಯ ಬದಲಾಗಿಲ್ಲ.

ಗ್ಯಾರಿ ಪೇಟನ್ ದ ಸೆಕೆಂಡ್ ಬಗ್ಗೆ ಜಾಸ್ತಿ ಬರೀಬೇಕಿತ್ತು, ಮೊಣಕೈ ಮೂಳೆ ಮುರ್ಕೊಂಡು ಸುಮಾರು ಒಂದು ತಿಂಗಳಿಗೆ ಫೈನಲ್ಸ್‌ಗೆ ಬಂದ, ಗಿಡ್ಡ ಗಾರ್ಡ್ ಆದ್ರೂ ಬುಟ್ಟಿ ಕೆಳಗೆ ಸ್ಕ್ರೀನ್ ಹಾಕೋ ಕೆಲ್ಸ ಮಾಡ್ತಾನೆ, ಬಾಲ್ ಕದಿಯೋದ್ರಲ್ಲಿ ಎತ್ತಿದ ಕೈ. ಒಟ್ಟೋ ಪೋರ್ಟರ್ ಅನ್ನೋ ಆಟಗಾರನ ಮೇಲಿರೋದು ನಾಲ್ಕೇ ಸಾಲು, ನಾಲ್ಕೂ ಒಳ್ಳೇದೇ.

ಕ್ಲೇ ಪುಟ ಬರೆಯೋದು ಕಷ್ಟ ಆಯ್ತು. 2019ರ ಫೈನಲ್ಸ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದಿದ್ರೂ ಒಳಗೆ ಹೋದವನು ವಾಪಸ್ ಬಂದು ಎರಡು ಫ್ರೀ ಥ್ರೋ, ಅಂದ್ರೆ ಎದುರಾಳಿ ಫೌಲಿಗೆ ಸಿಗೋ ಶಾಟ್, ಹಾಕಿ ಹೋದ, ಮರುವರ್ಷ ಹಿಮ್ಮಡಿ ನರ ಹರೀತು. ಅಂಥವನ ಬಗ್ಗೆ "ಪಕ್ಕಕ್ಕೆ ಸರಿಯೋದು ನಿಧಾನ" ಅಂತ ಬರೀವಾಗ ಕೈ ತಡೆಯುತ್ತೆ. ಆದ್ರೆ ಬರ್ದೆ, ಯಾಕಂದ್ರೆ ಅದು ನಿಜ. ಮೊದ್ಲು ಎದುರಾಳಿಯ ಬೆಸ್ಟ್ ಗಾರ್ಡನ್ನ ಅವನಿಗೇ ಕೊಡ್ತಿದ್ರು, 2022ರಲ್ಲಿ ಆ ಕೆಲ್ಸ ವಿಗ್ಗಿನ್ಸ್‌ಗೆ, ಪೇಟನ್‌ಗೆ ಹೋಯ್ತು. ಅದೇ ಪುಟದಲ್ಲಿ ಮೆಂಫಿಸ್ ವಿರುದ್ಧದ ಆರನೇ ಮ್ಯಾಚಿನ ಎಂಟು ತ್ರೀ, 30 ಪಾಯಿಂಟೂ ಇದೆ. ಪಾಯಿಂಟ್ ಬರೆಯಲ್ಲ ಅನ್ನೋ ನಿಯಮ ಮುರಿದಿದ್ದು ಅವನೊಬ್ಬನಿಗೇ.

ಜಾರ್ಡನ್ ಪೂಲ್ ಪುಟದಲ್ಲಿ ಇವತ್ತಿಗೂ ಪ್ರಶ್ನೆ ಚಿಹ್ನೆ. ಆ ಸೀಸನ್ ಫ್ರೀ ಥ್ರೋನಲ್ಲಿ ಇಡೀ ಲೀಗಿಗೆ ಮೊದಲು, ನೂರಕ್ಕೆ 92.5. ಫೈನಲ್ಸ್‌ನಲ್ಲಿ ಎರಡು ಸಲ ಮೂರನೇ ಕ್ವಾರ್ಟರಿನ ಕೊನೇ ಕ್ಷಣದಲ್ಲಿ ದೂರದಿಂದ ಎಸೆದು ಹಾಕಿದ. ಆದ್ರೆ ಡಿಫೆನ್ಸ್‌ನಲ್ಲಿ ಎದುರಾಳಿಗಳು ಹುಡುಕ್ಕೊಂಡು ಬಂದು ಇವನ ಮೇಲೇ ಆಟ ಕಟ್ತಿದ್ರು, ಸ್ಕ್ರೀನ್ ಬರೋದು ಇವನಿಗೆ ಯಾವಾಗ್ಲೂ ಅರ್ಧ ಸೆಕೆಂಡ್ ತಡವಾಗಿ ಗೊತ್ತಾಗ್ತಿತ್ತು. ಬೆಂಚಿಂದ ಬಂದು ಇಪ್ಪತ್ತು ನಿಮಿಷ ಆಡಿದ್ರೆ ಚಿನ್ನ, ಮೂವತ್ತೈದು ನಿಮಿಷ ಕೊಟ್ರೆ ಏನು ಅನ್ನೋದಕ್ಕೆ ಎರಡು ಪುಟದ ಗೀಟು ಸಾಕಾಗಲ್ಲ.

ಜೂನ್ 16ರ ಆರನೇ ಮ್ಯಾಚಿಗೆ ನೋಟ್‌ಬುಕ್‌ನಲ್ಲಿ ತಾರೀಖು ಮಾತ್ರ ಇದೆ. 103-90, ಕಪ್ ನಮ್ದು. ಟೈಮ್ ಮುಗಿಯೋಕೆ ಇನ್ನೂ ಕೆಲವು ಸೆಕೆಂಡ್ ಇರುವಾಗ್ಲೇ ಕರಿ ಕೋರ್ಟಲ್ಲೇ ಕೂತು ಅಳೋಕೆ ಶುರು ಮಾಡ್ದ, ಅಪ್ಪಾಜಿ ಎದ್ದು ನಿಂತಿದ್ರು, ಮಂಡಕ್ಕಿ ತಟ್ಟೆ ಹಂಗೇ ಇತ್ತು. ಮಾರನೇ ದಿನ ರೆಕಾರ್ಡಿಂಗ್ ಹಾಕ್ದೆ, ಸೌಂಡ್ ಆಫ್ ಮಾಡೋಕೆ ಮನಸ್ಸು ಬರ್ಲಿಲ್ಲ, ಬಾಲ್ ಎಲ್ಲಿಗೆ ಹೋದ್ರೆ ಅಲ್ಲಿಗೇ ನೋಡ್ತಾ ಕೂತೆ.