ಇಂಚಿಗೊಂದು ಖಗೋಳಮಾನ, ಮೈಲಿಗೊಂದು ಜ್ಯೋತಿರ್ವರ್ಷ

ಶಿರಸಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ರಾತ್ರಿ ಆಕಾಶ ತೋರಿಸುತ್ತೇನೆ. ನಕ್ಷತ್ರದ ದೂರ ಹೇಳಿದ ಕೂಡಲೇ ಅವರು ಕೇಳುವುದು ಒಂದೇ: "ಸರ್, ಅಂದ್ರೆ ಎಷ್ಟು ದೂರ?" ಅದಕ್ಕೆ ಉತ್ತರ ಹೇಳುತ್ತ ಹೇಳುತ್ತಲೇ ನನ್ನದೊಂದು ಪದ್ಧತಿ ರೂಢಿಯಾಯಿತು.

ಯಾವ ಅಳತೆಯೇ ಇರಲಿ, ಮೊದಲು ಮೀಟರಿಗೆ ತರುತ್ತೇನೆ, ಆಮೇಲೆ ಬೇಕಾದ್ದಕ್ಕೆ ಬದಲಿಸುತ್ತೇನೆ. ಇಂಚು ಅಂದರೆ ಕರಾರುವಾಕ್ಕಾಗಿ 2.54 ಸೆಂ.ಮೀ. ಮೈಲಿ 1609.344 ಮೀಟರ್. ಕಾರವಾರದ ಕಡೆ ಸಮುದ್ರದ ಮೇಲೆ ಹೇಳುವ ನಾಟಿಕಲ್ ಮೈಲಿ 1852 ಮೀಟರ್. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವೇ ಖಗೋಳಮಾನ ಅಲ್ವಾ, ಅದನ್ನು 2012ರಲ್ಲಿ 1,49,59,78,70,700 ಮೀಟರ್ ಎಂದು ಗೊತ್ತುಮಾಡಿದರು. ಮಾರು ಮಾತ್ರ ಕೈ ಚಾಚಿದವರ ಮೈಕಟ್ಟಿನ ಮೇಲೆ ಹೋಗುತ್ತದೆ, ಹಾಗಾಗಿ ಒಂದು ಮಾರು ಅಂದರೆ ಆರು ಅಡಿ, 1.8288 ಮೀಟರ್ ಎಂದು ಬೋರ್ಡಿನ ಮೇಲೆ ಬರೆದೇ ಲೆಕ್ಕ ಶುರು ಮಾಡುತ್ತೇನೆ. ಚಂದ್ರ ಸರಾಸರಿ 3,84,400 ಕಿ.ಮೀ. ದೂರ. ಮಾರಿನ ಲೆಕ್ಕದಲ್ಲಿ 21 ಕೋಟಿ!

ಇಂಗ್ಲಿಷ್ ಪುಸ್ತಕದ ಟ್ರಿಲಿಯನ್ ಅಂದರೆ ನಮ್ಮ ಲಕ್ಷ ಕೋಟಿ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಜ್ಯೋತಿರ್ವರ್ಷ, 9.46 ಲಕ್ಷ ಕೋಟಿ ಕಿ.ಮೀ. ಖಗೋಳ ವಿಜ್ಞಾನಿಗಳು ಬಳಸುವ ಇನ್ನೊಂದು ಅಳತೆ ಪಾರ್ಸೆಕ್ ಇದ್ದರೆ 3.26ರಿಂದ ಗುಣಿಸಿ, ಜ್ಯೋತಿರ್ವರ್ಷ ಬರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಒಂದು ಮೈಲಿಗೆ 63,360 ಇಂಚು. ಒಂದು ಜ್ಯೋತಿರ್ವರ್ಷಕ್ಕೆ 63,241 ಖಗೋಳಮಾನ. ಸಾವಿರಕ್ಕೆ ಎರಡರಷ್ಟೇ ವ್ಯತ್ಯಾಸ! ಹಾಗಾಗಿ ಸೂರ್ಯನಿಂದ ಭೂಮಿಗೆ ಒಂದು ಇಂಚು ಅಂತ ಇಟ್ಟುಕೊಂಡರೆ, ಎಷ್ಟು ಜ್ಯೋತಿರ್ವರ್ಷವೋ ಅಷ್ಟೇ ಮೈಲಿ. ಗುಣಿಸುವುದು, ಭಾಗಿಸುವುದು ಏನೂ ಬೇಡ.

ಸೂರ್ಯನನ್ನು ಮಾರಿಕಾಂಬಾ ಗುಡಿಯ ಬಾಗಿಲಲ್ಲಿ ಇಡುತ್ತೇವೆ. ನೆಪ್ಚೂನ್ 30 ಇಂಚು, ಒಂದೂವರೆ ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಗೆ ಗ್ರಹಗಳು ಮುಗಿದವು, ಮಕ್ಕಳು ಬಾಗಿಲು ಬಿಟ್ಟು ಕದಲಿಯೇ ಇಲ್ಲ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.24 ಜ್ಯೋತಿರ್ವರ್ಷ. ಅಂದರೆ 4.24 ಮೈಲಿ, ಹತ್ತಿರಹತ್ತಿರ ಏಳು ಕಿ.ಮೀ. ಸೈಕಲ್ ಬೇಕೇ ಬೇಕು. ಲುಬ್ಧಕ 8.6 ಮೈಲಿ, ಸುಮಾರು 14 ಕಿ.ಮೀ. ಸ್ವಾತಿ 37 ಮೈಲಿ, ಅಂದರೆ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಬೇಕು. ಚಿತ್ರಾ 250 ಮೈಲಿ, ಹೆಚ್ಚುಕಡಿಮೆ ಬೆಂಗಳೂರು. ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋದ ಮಕ್ಕಳಿಗೆ ಆ ದೂರ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಂಡ್ರೊಮಿಡಾ ಗೆಲಾಕ್ಸಿ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ, ಅಂದರೆ 25 ಲಕ್ಷ ಮೈಲಿ. ಕಿಲೋಮೀಟರಿನಲ್ಲಿ 40 ಲಕ್ಷ, ನಿಜವಾದ ಚಂದ್ರನ ದೂರದ ಹತ್ತು ಪಟ್ಟು. ಅಲ್ಲಿಂದ ಮುಂದಕ್ಕೆ ಇಂಚು ಬಿಟ್ಟು ಬೇರೆ ಅಳತೆ ಹಿಡಿಯುತ್ತೇನೆ.