ಪಾಸ್‌ಪೋರ್ಟ್ ಕೆನಡಾದ್ದು, ಸಹಾಯ ಆಸ್ಟ್ರೇಲಿಯಾದ್ದು: ಪಡೆಯುವುದು ಹೇಗೆ?

ಹವಾಯಿಯ ಹೊನೊಲುಲುವಿನಲ್ಲಿ ಕೆನಡಾದವರ ಪಾಸ್‌ಪೋರ್ಟ್ ಕಳುವಾದರೆ ಅವರು ಹೋಗಬೇಕಾದ್ದು ಆಸ್ಟ್ರೇಲಿಯಾದ ಕಾನ್ಸುಲೇಟ್‌ಗೆ. ಕ್ಯೂಬಾದಲ್ಲಿ ಉಲ್ಟಾ. ಅಲ್ಲಿ ಆಸ್ಟ್ರೇಲಿಯಾದವರಿಗೆ ಹವಾನಾದ ಕೆನಡಾ ರಾಯಭಾರ ಕಚೇರಿಯೇ ಗತಿ. ಎಲ್ಲ ಕಡೆ ಕಚೇರಿ ತೆರೆಯೋಕೆ ಯಾರಿಂದಲೂ ಆಗಲ್ಲ ಅಲ್ವಾ? ಅದಕ್ಕೇ ಈ ಎರಡು ದೇಶಗಳು 1986ರಲ್ಲೇ ಒಪ್ಪಂದ ಮಾಡಿಕೊಂಡಿವೆ. ಟೊರೊಂಟೊ, ಸಿಡ್ನಿಯ ಕನ್ನಡಿಗರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಮೊದಲು, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ನೋಡಿ. ಗೊಂದಲ ಜಾಸ್ತಿ ಆಗುವುದು ಇಲ್ಲೇ. ಕೆನಡಾದಲ್ಲಿ ಪಿಆರ್ (ಕಾಯಂ ವಾಸದ ಪರವಾನಗಿ) ಇದೆ, ವರ್ಷಗಟ್ಟಲೆ ತೆರಿಗೆ ಕಟ್ಟಿದ್ದೇನೆ ಅಂದರೂ ಪಾಸ್‌ಪೋರ್ಟ್ ಭಾರತದ್ದಾದರೆ ಈ ಸೌಲಭ್ಯ ನಿಮಗಲ್ಲ. ನೀವು ಭಾರತದ ಕಚೇರಿಯನ್ನೇ ಹುಡುಕಬೇಕು. ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಅಂದರೆ ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಇದ್ದವರು ಭಾರತದ ಕಚೇರಿಯನ್ನು ನಂಬಿ ಕೂರುವಂತಿಲ್ಲ. ಹೆಸರಲ್ಲಿ ಏನೇ ಇರಲಿ, ಓಸಿಐ ಅಂದರೆ ಭಾರತದ ಪೌರತ್ವ ಅಲ್ಲ. ಒಂದೇ ಮನೆಯಲ್ಲಿ ಅಪ್ಪನದು ಭಾರತದ ಪಾಸ್‌ಪೋರ್ಟ್, ಮಗಳದು ಕೆನಡಾದ್ದು ಇರಬಹುದು. ಒಟ್ಟಿಗೆ ಪ್ರವಾಸ ಹೋಗಿ ಬ್ಯಾಗ್ ಕಳೆದುಕೊಂಡರೆ ಇಬ್ಬರೂ ಬೇರೆ ಬೇರೆ ಕಚೇರಿಗೆ ಅಲೆಯಬೇಕು.

ಎರಡನೆಯದು, ಹೊರಡುವ ಮುಂಚೆ ನಿಮ್ಮ ಸರ್ಕಾರದ ಪ್ರಯಾಣ ಸಲಹೆಯ ವೆಬ್‌ಸೈಟ್ ತೆರೆಯಿರಿ. ಆಸ್ಟ್ರೇಲಿಯಾದವರಿಗೆ ಅದು ಸ್ಮಾರ್ಟ್‌ಟ್ರಾವೆಲರ್. ನೀವು ಹೋಗುವ ದೇಶದಲ್ಲಿ ಯಾರ ಕಚೇರಿಗೆ ಹೋಗಬೇಕು ಅಂತ ಅಲ್ಲೇ ಇರುತ್ತದೆ. ವಿಳಾಸ, ಫೋನ್ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪಾಸ್‌ಪೋರ್ಟ್ ಜೊತೆ ಮೊಬೈಲೂ ಹೋದರೆ ಏನು ಮಾಡುತ್ತೀರಿ? ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಬ್ಯಾಗಿನಲ್ಲಿರಲಿ.

ಕಳೆದುಹೋಯಿತು ಅನ್ನಿ. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಸಿದುಕೊಳ್ಳಿ. ಆಮೇಲೆ ಸುಮ್ನೆ ಕಚೇರಿ ಬಾಗಿಲಿಗೆ ಹೋಗಿ ನಿಲ್ಲಬೇಡಿ, ಮೊದಲು ಫೋನ್ ಮಾಡಿ. ಕಚೇರಿ ಮುಚ್ಚಿದ್ದರೆ ಒಟ್ಟಾವಾ, ಕ್ಯಾನ್‌ಬೆರಾದ ತುರ್ತು ಕೇಂದ್ರಗಳು 24 ಗಂಟೆಯೂ ಫೋನ್ ಎತ್ತುತ್ತವೆ.

ನೆರವು ಕೊಡುವ ಕಚೇರಿಯವರು ಮನೆಯವರಿಗೆ ಸುದ್ದಿ ಮುಟ್ಟಿಸುತ್ತಾರೆ, ವಕೀಲರ ಪಟ್ಟಿ ಕೊಡುತ್ತಾರೆ, ಪೊಲೀಸರು ಹಿಡಿದಿಟ್ಟಿದ್ದರೆ ಬಂದು ನೋಡುತ್ತಾರೆ. ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ, ಜೈಲಿನಿಂದ ಬಿಡಿಸುವುದೂ ಇಲ್ಲ. ಸ್ವಂತ ದೇಶದ ಕಚೇರಿಯೂ ಅದನ್ನು ಮಾಡುವುದಿಲ್ಲ ಬಿಡಿ. ಹತ್ತು ವರ್ಷದ ಹೊಸ ಪಾಸ್‌ಪೋರ್ಟ್ ಬೇಕೆಂದರೆ ಅದನ್ನು ಕೊಡುವುದು ನಿಮ್ಮ ಸರ್ಕಾರವೇ.

ಯುರೋಪಿಯನ್ ಒಕ್ಕೂಟದ ಪೌರತ್ವ ಪಡೆದವರಿಗೆ ದಾರಿ ಇನ್ನೂ ಸಲೀಸು. ಒಕ್ಕೂಟದ ಹೊರಗಿನ ದೇಶದಲ್ಲಿ ನಿಮ್ಮ ದೇಶದ ಕಚೇರಿ ಇಲ್ಲದಿದ್ದರೆ, 27 ಸದಸ್ಯ ದೇಶಗಳಲ್ಲಿ ಯಾವುದರ ಕಚೇರಿ ಇದೆಯೋ ಅಲ್ಲಿಗೆ ಹೋಗಬಹುದು. ಐರ್ಲೆಂಡ್ ಪಾಸ್‌ಪೋರ್ಟ್ ಹಿಡಿದು ಫ್ರಾನ್ಸಿನ ಕಚೇರಿಗೆ ಹೋದರೆ, ಫ್ರಾನ್ಸಿನವರಿಗೆ ಎಷ್ಟು ಶುಲ್ಕವೋ ನಿಮಗೂ ಅಷ್ಟೇ.