ಫುಲ್ ಫಾರ್ಮ್ ಒಂದೇ ಸಾಲದು: ಆಫೀಸಿನ ಶಾರ್ಟ್ ಫಾರ್ಮ್‌ಗಳಿಗೆ ಆ್ಯಪ್ ಮಾಡಿದ ನನ್ನ ಅನುಭವ

ಹೊಸ ಕೆಲಸಕ್ಕೆ ಸೇರಿದ ಎರಡನೇ ವಾರ. ತಂಡದ ಮುಖ್ಯಸ್ಥರಿಂದ ಒಂದು ಮೆಸೇಜ್ ಬಂತು: "ಈ ವೆಂಡರ್ ವಿಷಯಕ್ಕೆ ನೀವೇ ಪಿಒಸಿ." ಪಿಒಸಿ ಅಂದರೆ ಪ್ರೂಫ್ ಆಫ್ ಕಾನ್ಸೆಪ್ಟ್ ಅಂತ ನನಗೆ ಗೊತ್ತಿತ್ತು. ಸಣ್ಣದೊಂದು ಮಾದರಿ ಮಾಡಿ ತೋರಿಸಬೇಕು ಅಂದುಕೊಂಡು ಎರಡು ದಿನ ಕೂತು ಕೋಡ್ ಬರೆದೆ. ಅವರು ಹೇಳಿದ್ದು ಪಾಯಿಂಟ್ ಆಫ್ ಕಾಂಟ್ಯಾಕ್ಟ್. ವೆಂಡರ್ ಜೊತೆ ಮಾತಾಡುವ ಹೊಣೆ ನನ್ನದಾಗಿತ್ತು. ಎರಡು ದಿನ ವೆಂಡರ್ ಕಡೆಯವರ ಮೇಲ್‌ಗಳಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

"ಒಂದು ಮಾತು ಕೇಳಬಹುದಿತ್ತಲ್ವಾ?" ಅಂತ ಆಮೇಲೆ ಸಹೋದ್ಯೋಗಿಯೊಬ್ಬರು ಅಂದರು. ಕೇಳಬೇಕು ಅಂತ ಅನ್ನಿಸಿಯೇ ಇರಲಿಲ್ಲ. ಅರ್ಥ ಗೊತ್ತಿದೆ ಅಂತಲೇ ನಂಬಿದ್ದೆ. ಈ ಆ್ಯಪ್ ಮಾಡುವ ಯೋಚನೆ ಹುಟ್ಟಿದ್ದು ಅಲ್ಲಿಂದ.

ಮೊದಲ ಆವೃತ್ತಿ ಬರೀ ಪಟ್ಟಿ. ಆಂಡ್ರಾಯ್ಡ್‌ಗೆ ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಒಳಗೆ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್‌ನ ಒಂದು ಟೇಬಲ್, ಶಾರ್ಟ್ ಫಾರ್ಮ್ ಒಂದು ಕಡೆ, ಫುಲ್ ಫಾರ್ಮ್ ಇನ್ನೊಂದು ಕಡೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಗೆಳತಿಗೆ ಕೊಟ್ಟೆ. ಮರುದಿನವೇ ಅವಳ ಪ್ರಶ್ನೆ: "ಆರ್‌ಸಿಎ ಅಂದರೆ ರೂಟ್ ಕಾಸ್ ಅನಾಲಿಸಿಸ್ ಅಂತ ತೋರಿಸ್ತು. ಸರಿ, ಈಗ ನಾನೇನು ಮಾಡಬೇಕು?"

ಅವಳು ಕೇಳಿದ್ದು ಸರಿಯಾಗಿತ್ತು. ಫುಲ್ ಫಾರ್ಮ್ ಬೇರೆ, ಅರ್ಥ ಬೇರೆ. ಇಒಡಿಯನ್ನೇ ನೋಡಿ. ಎಂಡ್ ಆಫ್ ಡೇ, ದಿನದ ಕೊನೆ. ಆದರೆ ಯಾರ ದಿನದ ಕೊನೆ? ಕಳಿಸಿದವರು ಬೇರೆ ಟೈಮ್ ಝೋನ್‌ನಲ್ಲಿದ್ದರೆ ಅವರ ಸಂಜೆ ನಮಗೆ ಮಧ್ಯರಾತ್ರಿ ಆಗಿರಬಹುದು. ಹಾಗಾಗಿ ಪ್ರತಿ ಪದಕ್ಕೂ ಮೂರು ಸಾಲು ಇಟ್ಟೆ: ಫುಲ್ ಫಾರ್ಮ್, ಸರಳ ಅರ್ಥ, ಮತ್ತು ಅದನ್ನು ಓದಿದವರು ಮುಂದೆ ಮಾಡಬೇಕಾದ್ದೇನು. ಆರ್‌ಸಿಎಗೆ ಹೀಗೆ ಬರೆದೆ: "ತೊಂದರೆ ಎಲ್ಲಿಂದ ಶುರುವಾಯಿತು ಎಂದು ಹುಡುಕಿ ಬರೆಯುವುದು. ನಡೆದದ್ದನ್ನು ಸಮಯದ ಪ್ರಕಾರ ಬರೆಯಿರಿ. ತಪ್ಪು ಯಾರದು ಎನ್ನುವುದಕ್ಕಿಂತ ಅದು ಹೇಗೆ ಆಯಿತು ಎನ್ನುವುದು ಮುಖ್ಯ." ನಿಜ ಹೇಳಬೇಕೆಂದರೆ ಇಡೀ ಕೋಡ್‌ಗಿಂತ ಈ ಸಾಲುಗಳಿಗೇ ಜಾಸ್ತಿ ಸಮಯ ಹಿಡಿಯಿತು. ಮತ್ತೆ ಮಾಡಿದರೂ ಸಮಯವನ್ನು ಅಲ್ಲೇ ಕಳೆಯುತ್ತೇನೆ.

ಇನ್ನು ಪದ ಆ್ಯಪ್‌ಗೆ ಬರುವ ದಾರಿ. ಮೀಟಿಂಗ್ ನಡುವೆ ಯಾರೂ ಆ್ಯಪ್ ತೆರೆದು ಟೈಪ್ ಮಾಡುವುದಿಲ್ಲ. ಕಾಪಿ ಮಾಡಿದ್ದನ್ನು ಹಿನ್ನೆಲೆಯಲ್ಲೇ ಓದಿಕೊಳ್ಳೋಣ ಅಂದುಕೊಂಡಿದ್ದೆ. ಆದರೆ 2019ರ ಆಂಡ್ರಾಯ್ಡ್ 10ರಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಕ್ಲಿಪ್‌ಬೋರ್ಡ್ ಓದುವ ಅನುಮತಿ ಇಲ್ಲ. ಯೋಚಿಸಿದರೆ ಅದು ಒಳ್ಳೆಯ ನಿಯಮವೇ. ಬದಲಿಗೆ ಆಂಡ್ರಾಯ್ಡ್ 6ರಲ್ಲೇ ಬಂದಿದ್ದ ಪ್ರೊಸೆಸ್ ಟೆಕ್ಸ್ಟ್ ಸೌಲಭ್ಯ ಬಳಸಿದೆ. ಪದದ ಮೇಲೆ ಬೆರಳು ಒತ್ತಿ ಹಿಡಿದರೆ, ಕಾಪಿ, ಶೇರ್ ಇರುವ ಮೆನುವಿನಲ್ಲೇ ನನ್ನ ಆ್ಯಪ್ ಹೆಸರೂ ಕಾಣುತ್ತದೆ. ಒತ್ತಿದರೆ ಅರ್ಥ ಒಂದು ಸಣ್ಣ ಕಿಟಕಿಯಲ್ಲಿ ಬರುತ್ತದೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

ಸ್ಲೈಡ್ ಅಥವಾ ವೈಟ್‌ಬೋರ್ಡ್ ಮೇಲಿನ ಪದಗಳಿಗೆ ಕ್ಯಾಮೆರಾ ಬೇಕಾಯಿತು. ಅಕ್ಷರ ಗುರುತಿಸಲು ಗೂಗಲ್‌ನ ಎಂಎಲ್ ಕಿಟ್ ಎಂಬ ಲೈಬ್ರರಿ (ಸಿದ್ಧ ಕೋಡ್) ಬಳಸಿದೆ. ಎರಡರಿಂದ ಆರು ದೊಡ್ಡಕ್ಷರಗಳು ಅಥವಾ ಅಂಕಿಗಳು ಒಟ್ಟಿಗೆ ಬಂದರೆ ಶಾರ್ಟ್ ಫಾರ್ಮ್ ಅಂತ ಹಿಡಿಯುವ ಒಂದು ಹುಡುಕು-ಸೂತ್ರ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದೆ. ಸ್ಲೈಡ್‌ನ ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಅದರ ಎಲ್ಲ ಪದಗಳೂ ಸಿಕ್ಕಿಬೀಳುತ್ತಿದ್ದವು. ಆಮೇಲೆ ಅಂಥ ಸಾಲುಗಳಲ್ಲಿ ನಿಘಂಟಿನಲ್ಲಿ ಇರುವುದನ್ನು ಮಾತ್ರ ತೋರಿಸಿದೆ. ಎಸ್ ಅಕ್ಷರವನ್ನು ಕ್ಯಾಮೆರಾ 5 ಅಂತ ಓದುತ್ತಿತ್ತು, ಓ ಅಕ್ಷರವನ್ನು ಸೊನ್ನೆ ಅಂತ. ಸುಮ್ನೆ ಎಲ್ಲ ಅಂಕಿಗಳನ್ನೂ ಅಕ್ಷರ ಮಾಡುವ ಹಾಗಿಲ್ಲ, ಬಿ2ಬಿ (ಬಿಸಿನೆಸ್ ಟು ಬಿಸಿನೆಸ್) ಥರದ್ದು ಕೆಟ್ಟುಹೋಗುತ್ತದೆ. ಮೊದಲು ಇದ್ದ ಹಾಗೇ ಹುಡುಕು, ಸಿಗದಿದ್ದರೆ ಮಾತ್ರ ಅಂಕಿ ಬದಲಿಸು ಎಂದು ಮಾಡಿದ ಮೇಲೆ ಸರಿಹೋಯಿತು.

ನನ್ನನ್ನು ಕಾಡಿದ್ದ ಮೂಲ ಸಮಸ್ಯೆ ಒಂದೇ ಪದಕ್ಕೆ ಎರಡು ಅರ್ಥ. ಪಿಒ ಪರ್ಚೇಸ್ ಆರ್ಡರ್ ಕೂಡ, ಪ್ರಾಡಕ್ಟ್ ಓನರ್ ಕೂಡ. ಪಿಆರ್ ಪಬ್ಲಿಕ್ ರಿಲೇಷನ್ಸ್ ಕೂಡ, ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕೂಡ. ಇದಕ್ಕೆ ಎಐ ಚಾಟ್‌ಬಾಟ್‌ಗಳಲ್ಲಿರುವಂಥ ದೊಡ್ಡ ಭಾಷಾ ಮಾದರಿ ಬೇಕೇನೋ ಅಂದುಕೊಂಡಿದ್ದೆ. ಕೈಹಿಡಿದದ್ದು ಕಂಪ್ಯೂಟರ್ ವಿಜ್ಞಾನಿ ಮೈಕಲ್ ಲೆಸ್ಕ್ 1986ರಲ್ಲಿ ಕೊಟ್ಟ ಹಳೇ ಉಪಾಯ: ಪದದ ಸುತ್ತ ಇರುವ ಮಾತುಗಳು ಯಾವ ಅರ್ಥದ ವಿವರಣೆಯ ಜೊತೆ ಹೆಚ್ಚು ಹೊಂದುತ್ತವೋ ಆ ಅರ್ಥವನ್ನು ಆರಿಸು. ನಾನು ಪ್ರತಿ ಅರ್ಥಕ್ಕೂ ಅದರ ಜೊತೆ ಸಾಮಾನ್ಯವಾಗಿ ಬರುವ ಪದಗಳನ್ನು ಸೇರಿಸಿಟ್ಟೆ. ಡೆಮೊ, ಬಿಲ್ಡ್, ಟೆಸ್ಟ್ ಒಂದು ಪಿಒಸಿಗೆ. ವೆಂಡರ್, ಮೇಲ್, ಕಾಲ್ ಇನ್ನೊಂದಕ್ಕೆ. ನನ್ನ ಹಳೇ ಮೆಸೇಜನ್ನು ಹಾಕಿ ನೋಡಿದೆ. ಪಾಯಿಂಟ್ ಆಫ್ ಕಾಂಟ್ಯಾಕ್ಟ್ ಮೇಲೆ ಬಂತು. ಅವತ್ತು ತುಂಬಾ ಖುಷಿಯಾಯಿತು.

ಆದರೂ ಎರಡನೇ ಅರ್ಥವನ್ನು ನಾನು ಅಡಗಿಸಿಡುವುದಿಲ್ಲ. ಆ್ಯಪ್ ಎಷ್ಟೇ ಖಚಿತವಾಗಿದ್ದರೂ ಎರಡನ್ನೂ ತೋರಿಸುತ್ತದೆ, ಬದಲಾಗುವುದು ಕ್ರಮ ಮಾತ್ರ. ಒಂದೇ ಅರ್ಥ ತೋರಿಸಿದರೆ ಓದಿದವರು ನನ್ನ ಹಾಗೆಯೇ ಗೊತ್ತಿದೆ ಅಂತ ನಂಬಿಬಿಡುತ್ತಾರೆ.

ತಂಡದೊಳಗೆ ಮಾತ್ರ ಓಡಾಡುವ ಶಾರ್ಟ್ ಫಾರ್ಮ್‌ಗಳು ಯಾವ ನಿಘಂಟಿನಲ್ಲೂ ಇರುವುದಿಲ್ಲ. ಆದರೆ ತಂಡದ ದಾಖಲೆಗಳಲ್ಲಿ ಫುಲ್ ಫಾರ್ಮ್ ಬರೆದು ಪಕ್ಕದಲ್ಲಿ ಕಂಸದೊಳಗೆ ಶಾರ್ಟ್ ಫಾರ್ಮ್ ಕೊಟ್ಟಿರುತ್ತಾರೆ. ಅವನ್ನು ಹೆಕ್ಕಲು ಸಂಶೋಧಕರಾದ ಶ್ವಾರ್ಟ್ಜ್ ಮತ್ತು ಹರ್ಸ್ಟ್ 2003ರಲ್ಲಿ ವೈದ್ಯಕೀಯ ಬರಹಗಳಿಗಾಗಿ ಮಾಡಿದ ವಿಧಾನ ಸಾಕಾಯಿತು. ಕೊನೆಯ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಾ ಅಕ್ಷರಗಳನ್ನು ಹೊಂದಿಸುವುದು, ಮೊದಲ ಅಕ್ಷರ ಮಾತ್ರ ಪದದ ಆರಂಭದಲ್ಲೇ ಇರಬೇಕು. ಮೂರಕ್ಷರದ ಶಾರ್ಟ್ ಫಾರ್ಮ್ ಆದರೆ ಹಿಂದಿನ ಆರು ಪದಗಳಷ್ಟೇ ನೋಡುತ್ತದೆ. ಫೋನ್‌ನಲ್ಲಿ ಕ್ಷಣದಲ್ಲಿ ಮುಗಿಯುವ ಕೆಲಸ.

ಆಫೀಸಿನ ಮಾತು ಫೋನ್ ಬಿಟ್ಟು ಹೊರಗೆ ಹೋಗಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಅದಕ್ಕೇ ಇಂಟರ್ನೆಟ್ ಅನುಮತಿ ಕೇಳಿರಲಿಲ್ಲ. ಬಿಲ್ಡ್ ಆದ ಮೇಲೆ ಮರ್ಜ್ ಆದ ಮ್ಯಾನಿಫೆಸ್ಟ್ (ಆ್ಯಪ್ ಕೇಳುವ ಅನುಮತಿಗಳೆಲ್ಲ ಒಟ್ಟಾಗಿ ಇರುವ ಫೈಲ್) ತೆರೆದು ನೋಡಿದರೆ ಆ ಅನುಮತಿ ಅಲ್ಲಿತ್ತು! ಅಕ್ಷರ ಗುರುತಿಸುವ ಲೈಬ್ರರಿ ಅದನ್ನು ತನ್ನ ಜೊತೆ ತಂದಿತ್ತು. ನನ್ನ ಮ್ಯಾನಿಫೆಸ್ಟ್‌ನಲ್ಲಿ ಅದನ್ನು ತೆಗೆದುಹಾಕುವ ಸಾಲು ಸೇರಿಸಿದೆ. ಅಕ್ಷರ ಗುರುತಿಸುವ ಮಾದರಿಯನ್ನು ಆ್ಯಪ್ ಒಳಗೇ ಇಟ್ಟೆ, ಗಾತ್ರ ಜಾಸ್ತಿಯಾದರೂ ಪರವಾಗಿಲ್ಲ ಅಂತ. ನೀವೂ ಇಂಥದ್ದು ಮಾಡುತ್ತಿದ್ದರೆ ಆ ಫೈಲನ್ನು ದಯವಿಟ್ಟು ಒಮ್ಮೆ ನೋಡಿ.

ಈಗ ಕೈಯಲ್ಲಿರುವುದು ಕನ್ನಡ ಲಿಪಿಯ ಕೆಲಸ. ಎಂಎಲ್ ಕಿಟ್ ಕನ್ನಡ ಅಕ್ಷರ ಓದುವುದಿಲ್ಲ, ಆದ್ದರಿಂದ ಕನ್ನಡಕ್ಕೆ ಕ್ಯಾಮೆರಾ ಸದ್ಯಕ್ಕಿಲ್ಲ. ಆದರೆ ಚಾಟ್‌ನಲ್ಲಿ ಎಷ್ಟೋ ಜನ ಶಾರ್ಟ್ ಫಾರ್ಮ್‌ಗಳನ್ನೂ ಕನ್ನಡದಲ್ಲೇ ಬರೆಯುತ್ತಾರೆ. ಒಬ್ಬರು ಎಚ್‌ಆರ್, ಇನ್ನೊಬ್ಬರು ಹೆಚ್‌ಆರ್. ಒಬ್ಬರದು ಇಒಡಿ, ಇನ್ನೊಬ್ಬರದು ಈಓಡಿ. ಆರ್‌ಸಿಎಯ ನಡುವಿನ ಕಣ್ಣಿಗೆ ಕಾಣದ ಬಿಡಿಸುವ ಅಕ್ಷರ ಬಿಟ್ಟುಹೋದರೆ ಅದು ಆರ್ಸಿಎ ಆಗಿಬಿಡುತ್ತದೆ. ಎಸ್‌ಎಲ್‌ಎ (ಸರ್ವಿಸ್ ಲೆವೆಲ್ ಅಗ್ರಿಮೆಂಟ್) ಪದದಲ್ಲಿ ಅದೇ ಅಕ್ಷರ ಇದ್ದರೂ ಇಲ್ಲದಿದ್ದರೂ ನಮಗೆ ಒಂದೇ ಥರ ಕಾಣುತ್ತದೆ, ಕಂಪ್ಯೂಟರಿಗೆ ಬೇರೆ ಬೇರೆ. ಈಗ ಹುಡುಕುವ ಮೊದಲು ಆ ಅಕ್ಷರವನ್ನು ತೆಗೆಯುತ್ತೇನೆ. ಆಮೇಲೆ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಕನ್ನಡ ಹೆಸರುಗಳನ್ನು ಉದ್ದದ್ದು ಮೊದಲು ಎಂಬ ಕ್ರಮದಲ್ಲಿ ಹೊಂದಿಸುತ್ತೇನೆ. ಇಲ್ಲದಿದ್ದರೆ ಎಸ್, ಎಲ್, ಎನ್ ಎಲ್ಲದರ ಮೊದಲ ಎ ಸಿಕ್ಕ ಕೂಡಲೇ ಹುಡುಕಾಟ ಅಲ್ಲೇ ನಿಂತುಬಿಡುತ್ತದೆ. ನಿನ್ನೆ ಗೆಳತಿ ಹೆಚ್ಆರ್ ಅಂತ ಬರೆದಿದ್ದ ಒಂದು ಮೆಸೇಜನ್ನು ಒತ್ತಿ ಹಿಡಿದಳು. ಸರಿಯಾದ ಮೂರು ಸಾಲು ಬಂದವು.